ಗೋಡೆಗೆ ತೂಗುಹಾಕಿದ ಉಡುಪು

ಈ ಚಿತ್ರದ ಚೌಕಟ್ಟನ್ನ ಸರಿಯಾಗಿ ನೋಡಿ. ಮುರಿದಿದೆ, ಮಡಚಿಕೊಂಡಿದೆ, ಕ್ಯಾನ್ವಾಸ್ ನೆರಿಗೆ ನೆರಿಗೆಯಾಗಿ ಜೋತುಬಿದ್ದಿದೆ. ಇದು ಒಬ್ಬ ರೂಪದರ್ಶಿ ತೊಟ್ಟಿರೋ ಉಡುಪು!

2015ರ ಜುಲೈ, ಪ್ಯಾರಿಸ್‌ನ ಒಂದು ಫ್ಯಾಷನ್ ಷೋ. ವಿಕ್ಟರ್ ಹಾರ್ಸ್ಟಿಂಗ್ ಮತ್ತು ರಾಲ್ಫ್ ಸ್ನೂರೆನ್ ಅನ್ನೋ ಡಚ್ ವಸ್ತ್ರವಿನ್ಯಾಸಕರ ಜೋಡಿ ತಾವೇ ವೇದಿಕೆಗೆ ಬರ್ತಾರೆ. ರೂಪದರ್ಶಿಯ ಮೈಮೇಲಿಂದ ಉಡುಪು ಬಿಚ್ಚಿ, ಕೀಲುಗಳಿರೋ ಚೌಕಟ್ಟನ್ನ ನೆಟ್ಟಗೆ ಮಾಡಿ, ಹಿಂದಿನ ಗೋಡೆಗೆ ತೂಗುಹಾಕ್ತಾರೆ. ಈಗಷ್ಟೇ ನಡೆದು ಬಂದ ಬಟ್ಟೆ, ಈಗ ಚಿತ್ರಪಟ.

ಇಬ್ಬರೂ ಆರ್ನೆಮ್‌ನ ಕಲಾಶಾಲೆಯಲ್ಲಿ ಜೊತೆಗೆ ಓದಿದವರು. 1996ರಲ್ಲಿ ಒಂದು ಸುಗಂಧದ್ರವ್ಯದ ಬಾಟಲಿ ಮಾಡಿದರು, ಅದರ ಮುಚ್ಚಳ ತೆಗೆಯೋಕೇ ಆಗಲ್ಲ! ಫ್ಯಾಷನ್ ಮಾರೋದು ಆಸೆಯನ್ನ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳಿದ ಕಲಾಕೃತಿ ನನಗಂತೂ ಗೊತ್ತಿಲ್ಲ.

1999ರಲ್ಲಿ ಇನ್ನೊಂದು ಸಾಹಸ. ತಿರುಗೋ ಪೀಠದ ಮೇಲೆ ಒಬ್ಬಳೇ ರೂಪದರ್ಶಿ. ಮೊದಲು ನಾರು ಬಿಟ್ಟ ಸೆಣಬಿನ ಅಂಗಿ. ಅದರ ಮೇಲೆ ಇನ್ನೊಂದು, ಮತ್ತೊಂದು. ರಷ್ಯಾದ ಗೊಂಬೆಯೊಳಗಿನ ಗೊಂಬೆಯ ಹಾಗೆ, ಇವರಿಬ್ಬರೂ ಕೈಯಾರೆ ತೊಡಿಸ್ತಾ ಹೋಗ್ತಾರೆ. ಇಡೀ ಸಂಗ್ರಹ ಒಂದೇ ಮೈಮೇಲೆ!

ಬಟ್ಟೆಯೂ ಕಲೆಯಾ ಅಂತ ಕೇಳೋರಿಗೆ ಇದನ್ನ ತೋರಿಸಿ. 2015ರ ಆ ಉಡುಪುಗಳಲ್ಲಿ ಒಂದನ್ನ ಸಂಗ್ರಾಹಕ ಹಾನ್ ನೆಫ್ಕೆನ್ಸ್ ಕೊಂಡರು, ರಾಟರ್‌ಡ್ಯಾಮ್‌ನ ಕಲಾ ಸಂಗ್ರಹಾಲಯಕ್ಕಾಗಿ.