ಬಹುಮಾನದ ಕಾಗದ ಬಂದರೆ...



ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗೆ ಉಜ್ಜುವ ಕಾರ್ಡು. ಉಜ್ಜಿದರೆ ‘ನಿಮಗೆ ಕಾರು ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದಿರುತ್ತದೆ. ಮಾಡಿದರೆ ನಯವಾಗಿ ಮಾತಾಡ್ತಾರೆ. ಮೊದಲು ತೆರಿಗೆ ಕಟ್ಟಿ ಅಂತಾರೆ. ಆಮೇಲೆ ನೋಂದಣಿ, ಸಾಗಾಟದ ಖರ್ಚು. ಕಾರು ಮಾತ್ರ ಬರೋದಿಲ್ಲ.

ಯಾವ ಸ್ಪರ್ಧೆಗೂ ಸೇರದ ನಮಗೆ ಬಹುಮಾನ ಎಲ್ಲಿಂದ? ಹೆಸರು, ವಿಳಾಸ ಸರಿಯಿದ್ದ ಮಾತ್ರಕ್ಕೆ ಕಾಗದ ನಿಜವಾಗುವುದಿಲ್ಲ. ಅದಕ್ಕಾಗಿ ಸಂಘದಲ್ಲಿ ಸಾಲ ಎತ್ತಬೇಡಿ. ಫೋನ್ ಮಾಡದೆ, ಕಾಗದವನ್ನು ವಾರದ ಸಭೆಗೆ ತನ್ನಿ; ಎಲ್ಲರೂ ನೋಡಲಿ.

ಹಣ ಕಟ್ಟಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೋಸಗಾರರು ಹಣ ತೆಗೆಯುವ ಮೊದಲೇ ತಿಳಿಸಿದರೆ ಅದನ್ನು ತಡೆಹಿಡಿಯಬಹುದು. ಬೇಗ ಹೇಳಿದಷ್ಟೂ ಒಳ್ಳೆಯದು. ಮೋಸ ಮಾಡಿದವರು ನಾಚಬೇಕು, ನಾವಲ್ಲ.