ನೀಹಾರಿಕೆಗೆ ಒಂದು ಟೆಲಿ ಲೆನ್ಸ್

ನೀಹಾರಿಕೆಗಳು ಬಹುದೂರದಲ್ಲಿರುವುದರಿಂದ ಬಹು ಸಣ್ಣವಾಗಿ ತೋರುತ್ತವೆ, ಆದಕಾರಣ ದೊಡ್ಡ ದೂರದರ್ಶಕವಿಲ್ಲದವನು ಅವುಗಳ ಗೊಡವೆಗೆ ಹೋಗಬಾರದು ಎಂಬ ಭಾವನೆ ಅನೇಕರಲ್ಲಿ ಬೇರೂರಿದೆ. ವಾಸ್ತವವಾಗಿ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ ಜೋಲುವ ಖಡ್ಗದಲ್ಲಿರುವ ನೀಹಾರಿಕೆಯು, ಸುಮಾರು 1300 ಜ್ಯೋತಿರ್ವರ್ಷಗಳಾಚೆ ಇದ್ದೂ, ಆಕಾಶದಲ್ಲಿ ಪೂರ್ಣಚಂದ್ರನ ಇಮ್ಮಡಿ ಅಗಲವನ್ನು ಆಕ್ರಮಿಸಿಕೊಂಡಿದೆ. ಅದಕ್ಕೆ ಕೊರತೆಯಾಗಿರುವುದು ಕಾಂತಿಯೊಂದೇ. ಆ ಕ್ಷೀಣಕಾಂತಿಯನ್ನು ಕಣಕಣವಾಗಿ ಕೂಡಿಹಾಕುವ ಕಾರ್ಯಕ್ಕೆ, ಮದುವೆಮನೆಗಳಲ್ಲಿ ಹಗಲಿರುಳು ದುಡಿಯುವ 200 ಮಿಲಿಮೀಟರಿನ ಟೆಲಿ ಲೆನ್ಸು ಧಾರಾಳವಾಗಿ ಸಾಕು.

ಈ ವಿದ್ಯೆಯ ಇತಿಹಾಸವೇ ಇದಕ್ಕೆ ಸಾಕ್ಷಿ. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರನು, ಫಲಕವನ್ನು 51 ನಿಮಿಷ ತೆರೆದಿಟ್ಟು, ಇದೇ ನೀಹಾರಿಕೆಯ ಮೊತ್ತಮೊದಲ ಛಾಯಾಚಿತ್ರವನ್ನು ಪಡೆದದ್ದು 11 ಅಂಗುಲದ ದೂರದರ್ಶಕದಿಂದ, ನಿಜ. ಆದರೆ ಬಾಲ್ಯದಲ್ಲಿಯೇ ನ್ಯಾಶ್‌ವಿಲ್ಲಿನ ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕೆ ನಿಂತು ಬೆಳೆದ ಎಡ್ವರ್ಡ್ ಎಮರ್ಸನ್ ಬರ್ನಾರ್ಡನು, ಮುಂದೆ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯವನ್ನು ಸೇರಿ, ಅಲ್ಲಿನ 36 ಅಂಗುಲದ ಮಹಾದೂರದರ್ಶಕದ ಪಕ್ಕದಲ್ಲಿದ್ದುಕೊಂಡೇ, ಮನುಷ್ಯರ ಮುಖಗಳನ್ನು ಚಿತ್ರಿಸಲೆಂದು ಮಾಡಿದ್ದ 6 ಅಂಗುಲದ ಮಸೂರವೊಂದನ್ನು 1889ರಲ್ಲಿ ಕ್ಷೀರಪಥದತ್ತ ತಿರುಗಿಸಿದನು. 1894ರಲ್ಲಿ ಆತನು ಒಂದೂವರೆ ಅಂಗುಲದ ಲಾಂದ್ರದ ಮಸೂರದಿಂದ ಚಿತ್ರ ತೆಗೆದಾಗ, ಮಹಾವ್ಯಾಧನ ಮೈಯನ್ನೇ ಬಳಸಿಕೊಂಡ ಬೃಹತ್ತಾದ ಜ್ಯೋತಿರ್ವಲಯವೊಂದು ಫಲಕದಲ್ಲಿ ಮೂಡಿತು. ದೊಡ್ಡ ಯಂತ್ರಗಳ ದೃಷ್ಟಿ ಕಿರಿದಾದುದರಿಂದ ಅವುಗಳಿಗೆ ದಕ್ಕದಿದ್ದ ಆ ವಲಯ ಇಂದಿಗೂ ಬರ್ನಾರ್ಡನ ಹೆಸರನ್ನೇ ಹೊತ್ತಿದೆ. ಖಗೋಳವಿಜ್ಞಾನದ ಸಾಹಸಗಳಲ್ಲಿ ನನಗೆ ಇದಕ್ಕಿಂತ ಪ್ರಿಯವಾದುದು ಬೇರೊಂದಿಲ್ಲ.

ಅಂಥ ಸಾಹಸಕ್ಕೆ ಇಲ್ಲಿನ ಆಕಾಶವೂ ಅನುಕೂಲವೇ. ಬೇಟೆರಾಯಸ್ವಾಮಿಯ ಸನ್ನಿಧಿಯಿಂದ ಖ್ಯಾತವಾದ ಡೆಂಕಣಿಕೋಟೆಯು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರ ಪೂರ್ವಕ್ಕೆ, ಹೆಚ್ಚುಕಡಮೆ ಇದೇ ಅಕ್ಷಾಂಶದಲ್ಲಿ, ಜವ್ವಾದಿ ಬೆಟ್ಟಗಳ ನಡುವಣ ಕಾವಲೂರಿನ ವೀಕ್ಷಣಾಲಯದ ಮೊದಲ ದೂರದರ್ಶಕ 1968ರಲ್ಲಿ ನೆಲೆಗೊಂಡಿತು. ಸಮಭಾಜಕಕ್ಕೆ ಸಮೀಪವಾದ ಆ ಎಡೆಯಿಂದ ದಕ್ಷಿಣದ ಆಕಾಶವೂ ಕೈಗೆಟಕುತ್ತದೆಂಬುದು ಅದನ್ನು ಆರಿಸಿದ ಖಗೋಳವಿಜ್ಞಾನಿ ವೈನು ಬಪ್ಪು ಅವರ ಎಣಿಕೆಗಳಲ್ಲೊಂದು. 2.34 ಮೀಟರಿನ ಕನ್ನಡಿಯುಳ್ಳ ಕಾವಲೂರಿನ ದೂರದರ್ಶಕಕ್ಕೆ ಯಾವ ನೀಹಾರಿಕೆ ಎಷ್ಟು ಎತ್ತರಕ್ಕೆ ಏರಿಬರುತ್ತದೆಯೋ, ಡೆಂಕಣಿಕೋಟೆಯ ತಾರಸಿಯ ಮೇಲಣ ಟ್ರೈಪಾಡಿಗೂ ಅದು ಅಷ್ಟೇ ಎತ್ತರಕ್ಕೆ ಬರುತ್ತದೆ. ಮಹಾವ್ಯಾಧನ ನೀಹಾರಿಕೆ ಇಲ್ಲಿ ದಿಗಂತದಿಂದ 72 ಡಿಗ್ರಿ ಮೇಲೇರಿ, ಧೂಳು ಮಂಜುಗಳ ದಪ್ಪ ಪದರವನ್ನು ದಾಟಿ ನಿಲ್ಲುತ್ತದೆ.

ಪ್ರತಿಕೂಲವೆಂದರೆ ಉತ್ತರ ದಿಕ್ಕು. ಭೂಮಿಯ ಭ್ರಮಣದಿಂದ ತಾರೆಗಳು ಸರಿಯುವುದು ಗಣನೀಯವಾಗಿಯೇ ಇದೆ: 200 ಮಿಲಿಮೀಟರಿನ ಲೆನ್ಸಿನಲ್ಲಿ, ಖಗೋಳ ಸಮಭಾಜಕದ ಬಳಿಯ ತಾರೆಯ ಬಿಂಬವು ಒಂದೇ ಸೆಕೆಂಡಿನಲ್ಲಿ ಸೆನ್ಸರಿನ ಮೇಲೆ ಮೂರು ನಾಲ್ಕು ಪಿಕ್ಸೆಲ್ಲುಗಳಷ್ಟು ಜಾರಿ, ಚುಕ್ಕೆಯಾಗಬೇಕಾದುದು ಗೆರೆಯಾಗತೊಡಗುತ್ತದೆ. ಇದನ್ನು ತಡೆಯಲು ಕ್ಯಾಮೆರಾವನ್ನು ತಾರೆಗಳ ಜೊತೆಯಲ್ಲೇ ಮೆಲ್ಲನೆ ತಿರುಗಿಸುವ ಟ್ರ್ಯಾಕರ್ ಎಂಬ ಸಾಧನವುಂಟು. ಆದರೆ ಅದರ ಅಕ್ಷವನ್ನು ಧ್ರುವದ ಕಡೆಗೆ ಗುರಿಯಿಡಬೇಕು, ಧ್ರುವನಾದರೋ ಇಲ್ಲಿ ಹನ್ನೆರಡೂವರೆ ಡಿಗ್ರಿಯಷ್ಟೇ ಎತ್ತರದಲ್ಲಿ, ಹೆಚ್ಚುಕಡಮೆ ಹೊಸೂರಿನ ದೀಪಗಳ ಮೇಲ್ಗಡೆ, ಬೆಂಗಳೂರಿನ ಕೆಂಪು ಹೊಳಪಿನ ಪಕ್ಕದಲ್ಲಿ ಮಂಕಾಗಿ ನಿಂತಿದ್ದಾನೆ. ಉತ್ತರಕ್ಕೆ ಮರಗಳಿಲ್ಲದ ತಾರಸಿಯನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳುವುದು ಆದಕಾರಣ ಮೊದಲ ಕೆಲಸ. ದಕ್ಷಿಣಕ್ಕೆ ಅಂಚೆಟ್ಟಿಯ ಕಾಡು ಹರಡಿರುವುದರಿಂದ ಆ ಕಡೆಯ ಆಕಾಶ ಕಪ್ಪಾಗಿದೆ. ಹಾಗೆಂದು ಕಾಡಿನ ಅಂಚಿಗೆ ಇರುಳಿನಲ್ಲಿ ಹೋಗತಕ್ಕದ್ದಲ್ಲ, ಏಕೆಂದರೆ ಮಹಾವ್ಯಾಧನ ಕಾಲವೇ ರಾಗಿಯ ಕಾಲ, ರಾಗಿಯ ಕಾಲವೇ ಆನೆಗಳ ಹಿಂಡು ಹೊಲಕ್ಕಿಳಿಯುವ ಕಾಲ.

ಟ್ರ್ಯಾಕರ್ ಇಲ್ಲದವನು ಎದೆಗುಂದಬೇಕಾಗಿಲ್ಲ. ಒಂದೊಂದು ಸೆಕೆಂಡಿನ ಆರುನೂರು ಚಿತ್ರಗಳನ್ನು ಕೇಬಲ್ ರಿಲೀಸಿನಿಂದ ತೆಗೆದು, ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶದಲ್ಲಿ ತಾರೆಗೆ ತಾರೆಯನ್ನು ಹೊಂದಿಸಿ ಕೂಡಿಸಿದರೆ, ಹತ್ತು ನಿಮಿಷಗಳ ಬೆಳಕು ಒಂದೆಡೆ ಸೇರುತ್ತದೆ. ಚಿತ್ರಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಗದ್ದಲ ತಗ್ಗುವುದರಿಂದ, ನೂರು ಚಿತ್ರಗಳ ಮೊತ್ತದಲ್ಲಿ ಕಾಳುಕಾಳಾದ ಕಲಬೆರಕೆಯು ಹತ್ತನೆಯ ಒಂದಂಶಕ್ಕೆ ಇಳಿಯುತ್ತದೆ. ನೀಹಾರಿಕೆಯ ನಡುಭಾಗ ಮಾತ್ರ ಬಲು ಪ್ರಖರವಾದುದರಿಂದ, ಟ್ರ್ಯಾಕರ್ ಇಟ್ಟು ದೀರ್ಘವಾಗಿ ತೆಗೆಯುವವರು ಅಲ್ಲಿನ ನಾಲ್ಕು ಎಳೆಯ ತಾರೆಗಳ ಗುಂಪು ಬೆಳ್ಳಗೆ ಸುಟ್ಟುಹೋಗದಂತೆ ಕೆಲವು ಕಿರುಚಿತ್ರಗಳನ್ನೂ ತೆಗೆದಿರಿಸಿಕೊಳ್ಳಬೇಕು.

ಫೋಕಸನ್ನು ಯಂತ್ರಕ್ಕೆ ಬಿಡಬಾರದು. ಲೆನ್ಸಿನ ಮೇಲೆ ಕೆತ್ತಿದ ಅನಂತದ ಗುರುತನ್ನೂ ನಂಬದೆ, ಲುಬ್ಧಕವನ್ನು ಕ್ಯಾಮೆರಾದ ಪರದೆಯಲ್ಲಿ ಹತ್ತುಪಟ್ಟು ಹಿಗ್ಗಿಸಿ, ಉಂಗುರವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ, ಚುಕ್ಕೆ ಅತ್ಯಂತ ಕಿರಿದಾದೆಡೆಯಲ್ಲಿ ನಿಲ್ಲಿಸಿ, ಟೇಪು ಅಂಟಿಸಿಬಿಡಬೇಕು. ಮಾರ್ಗಶಿರದ ಇಬ್ಬನಿಯು ಗಾಜಿನ ಮೇಲೆ ಸದ್ದಿಲ್ಲದೆ ಕೂರುವುದರಿಂದ ಆಗಾಗ ಟಾರ್ಚು ಹಾಕಿ ನೋಡುವುದೂ ಅವಶ್ಯ.

ವರ್ಣದ ವಿಚಾರ ಒಂದಿದೆ. ಜಲಜನಕವು ಸೂಸುವ 656 ನ್ಯಾನೋಮೀಟರಿನ ಕೆಂಪು ಬೆಳಕೇ ನೀಹಾರಿಕೆಗಳ ಮುಖ್ಯ ಸಂಪತ್ತು. ಅಂಗಡಿಯಲ್ಲಿ ದೊರೆಯುವ ಕ್ಯಾಮೆರಾಗಳ ಒಳಗಣ ಶೋಧಕವು ಅದರ ಬಹುಭಾಗವನ್ನು ತಡೆಯುವುದರಿಂದ, ಬರ್ನಾರ್ಡನ ವಲಯದಂಥ ಮಂದವಸ್ತುಗಳಿಗೆ ಆ ಶೋಧಕವನ್ನು ತೆಗೆಸಿದ ಕ್ಯಾಮೆರಾವೇ ಬೇಕಾಗುತ್ತದೆ.

ಇಷ್ಟು ಕೈಗೂಡಿದವನು ಫೆಬ್ರವರಿ ಮಾರ್ಚಿನ ನಿರ್ಮಲ ಇರುಳುಗಳಲ್ಲಿ ದಕ್ಷಿಣಕ್ಕೆ ತಿರುಗಲಿ. ಮಾರ್ಚಿನ ಮೊದಲ ವಾರ ನಡುರಾತ್ರಿಯ ಹೊತ್ತಿಗೆ, ಅಗಸ್ತ್ಯ ತಾರೆಯಿರುವ ಕರೀನಾ ರಾಶಿಯ ಮಹಾನೀಹಾರಿಕೆಯು ಅಂಚೆಟ್ಟಿಯ ಕತ್ತಲೆಯ ಮೇಲೆ 18 ಡಿಗ್ರಿ ಎತ್ತರಕ್ಕೆ ಏರಿಬರುತ್ತದೆ. ಹರವಿನಲ್ಲಿ ಮಹಾವ್ಯಾಧನದಕ್ಕಿಂತಲೂ ದೊಡ್ಡದಾದ, 1843ರಲ್ಲಿ ಕಾಂತಿಯಲ್ಲಿ ಲುಬ್ಧಕಕ್ಕೆ ಸಮೀಪವಾಗಿ ಬೆಳಗಿದ ಈಟಾ ಕರೀನೆ ಎಂಬ ತಾರೆಯನ್ನು ತನ್ನ ಒಡಲಲ್ಲಿಟ್ಟುಕೊಂಡ ಈ ನೀಹಾರಿಕೆಯು ಡ್ರೇಪರನ ನ್ಯೂಯಾರ್ಕಿನಲ್ಲಾಗಲಿ, ಬರ್ನಾರ್ಡನ ಲಿಕ್ ಶಿಖರದಲ್ಲಾಗಲಿ ಎಂದಿಗೂ ದಿಗಂತದ ಮೇಲೇಳುವುದಿಲ್ಲ. ಡೆಂಕಣಿಕೋಟೆಯಲ್ಲಿ ಅದು ಸುಮಾರು ಒಂಬತ್ತು ತಾಸು ದಿಗಂತದ ಮೇಲಿರುತ್ತದೆ, ಟೆಲಿ ಲೆನ್ಸಿನ ಚೌಕಟ್ಟಿನಲ್ಲಿ ಇಡಿಯಾಗಿ ಹಿಡಿಸುತ್ತದೆ.