ತಾನಾಗಿ ಹರಿಯುವ ನೀರು: ಮಾರ್ಕೋನಹಳ್ಳಿಯ ಸೈಫನ್

ಗುಬ್ಬಿ, ಕುಣಿಗಲ್ ಸೀಮೆಯ ಜನರಿಗೆ ತುಂಬಿದ ನೀರಿನ ನಡವಳಿಕೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಕೆರೆ ತುಂಬಿದರೆ ಕೋಡಿ ಬೀಳುತ್ತದೆ. ಮೊದಲು ಕೋಡಿಯ ಮೇಲೆ ನೀರಿನ ತೆಳು ಪದರ, ಮಳೆ ಮುಂದುವರಿದರೆ ಮೊಣಕಾಲುದ್ದ. ನೀರು ಏರುವುದು ಕಣ್ಣಿಗೆ ಕಾಣುತ್ತದೆ, ಹಿಂದೆ ಸರಿಯಲು ಹೊತ್ತು ಕೊಡುತ್ತದೆ. ತಲೆಮಾರುಗಳಿಂದ ಬಂದ ಈ ಅರಿವು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಬುಡದಲ್ಲಿ ಮಾತ್ರ ಸಾಲದು. 2025ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಪ್ರವಾಸ ಬಂದಿದ್ದ ಒಂದೇ ಕುಟುಂಬದ ಹಲವರು ನೀರುಪಾಲಾದಾಗ, ನೀರಿಗಿಳಿದದ್ದೇ ತಪ್ಪು ಎಂದು ಸುಲಭವಾಗಿ ಹೇಳಿದವರಿದ್ದರು. ಆದರೆ ಅಲ್ಲಿನ ಸೈಫನ್ ಎಂಬ ಯಂತ್ರದ ಸ್ವಭಾವ ಗೊತ್ತಿಲ್ಲದವರಿಗೆ ಆ ಹೊತ್ತಿನ ನೀರು ಅಪಾಯದ್ದೆಂದು ತೋರುವ ಕಾರಣವೇ ಇರುವುದಿಲ್ಲ. ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಜಲಾಶಯದ ಕೆಳಗಿನ ಶಿಂಷಾ ನದಿಯ ದಡಕ್ಕೆ ಹೋಗುವ ಪ್ರತಿಯೊಂದು ಮನೆಯವರಿಗೂ ಈ ಯಂತ್ರ ಅರ್ಥವಾಗಬೇಕು ಎಂಬುದು ನನ್ನ ವಾದ.

ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕಟ್ಟಿದ ಈ ಅಣೆಕಟ್ಟಿನಲ್ಲಿ ಎರಡು ಸೈಫನ್‌ಗಳಿವೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸುರುಳಿ ಸೈಫನ್‌ಗಳು ಇವು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿ, ನೀರು ತೀರಾ ಇಳಿದ ಬೇಸಿಗೆಯಲ್ಲಿ ಮೇಲೆ ಕಾಣಿಸಿಕೊಳ್ಳುವ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇದೇ ಜಾತಿಯ ಸೈಫನ್‌ಗಳಿವೆ. ಡ್ರಮ್ಮಿನ ನೀರಿಗೆ ಪೈಪು ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಿಂದ ಒಮ್ಮೆ ಎಳೆದು ಕೆಳಗೆ ಬಿಟ್ಟರೆ ನೀರು ಅಂಚು ಹತ್ತಿ ತಾನೇ ಇಳಿಯುತ್ತದಲ್ಲ, ಅದೇ ತತ್ತ್ವ. ಅಣೆಕಟ್ಟಿನಲ್ಲಿ ಆ ಮೊದಲ ಎಳೆತವನ್ನು ಯಾರು ಮಾಡಬೇಕು ಎಂಬುದೇ ಪ್ರಶ್ನೆ. ಅಯ್ಯರ್ ಅವರ ಉತ್ತರ ಸೊಗಸಾದದ್ದು. ನೆಟ್ಟಗೆ ನಿಂತ ಬಾವಿಯಂಥ ಕೊಳವೆ, ಅದರ ಬಾಯಿಗೆ ಆಲಿಕೆ, ಆಲಿಕೆಯ ಮೇಲೊಂದು ಗುಮ್ಮಟ. ಜಲಾಶಯ ತುಂಬಿ ಆಲಿಕೆಯ ಅಂಚು ದಾಟಿದ ನೀರನ್ನು ಅಲ್ಲಿನ ಬಾಗಿದ ಪಟ್ಟಿಗಳು ಸುತ್ತಿಸುತ್ತವೆ. ಸುಳಿಯಾಗಿ ಇಳಿಯುವ ನೀರು ಗುಮ್ಮಟದೊಳಗಿನ ಗಾಳಿಯನ್ನೂ ತನ್ನೊಡನೆ ಕೆಳಕ್ಕೆ ಒಯ್ಯುತ್ತದೆ. ಹೊರಗಿನ ಗಾಳಿ ಒಳಗೆ ಬರಲು ದಾರಿಯಿಲ್ಲದ್ದರಿಂದ ಒಳಗಿನ ಒತ್ತಡ ಕುಸಿಯುತ್ತದೆ. ಜಲಾಶಯದ ಮೇಲೆ ಕೂತಿರುವ ವಾತಾವರಣದ ಭಾರ ನೀರನ್ನು ಗುಮ್ಮಟದೊಳಕ್ಕೆ ನೂಕುತ್ತದೆ, ಕೊಳವೆ ಬಾಯ್ತುಂಬ ಹರಿಯತೊಡಗುತ್ತದೆ. ಗೇಟಿಲ್ಲ, ಸರಪಳಿಯಿಲ್ಲ, ವಿದ್ಯುತ್ತಿಲ್ಲ, ಚಲಿಸುವ ಒಂದು ಬಿಡಿಭಾಗವೂ ಇಲ್ಲ.

ಕೋಡಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕದಲ್ಲಿ ನೋಡಬೇಕು. ಕೋಡಿಯ ಮೇಲೆ ಹದಿನೈದು ಸೆಂಟಿಮೀಟರ್ ನೀರು ಹರಿದರೆ, ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ ಸುಮಾರು ನೂರು ಲೀಟರ್. ಅಷ್ಟೇ ಅಗಲದ, ಅರ್ಧ ಮೀಟರ್ ಎತ್ತರದ ಸೈಫನ್ ಕೊಳವೆ ಏಳು ಮೀಟರ್ ಕೆಳಕ್ಕೆ ನೀರು ಬಿಡುತ್ತಿದ್ದರೆ, ಘರ್ಷಣೆಯ ನಷ್ಟ ಕಳೆದೂ ಸೆಕೆಂಡಿಗೆ ನಾಲ್ಕು ಸಾವಿರ ಲೀಟರ್ ಹೊಮ್ಮುತ್ತದೆ. ಇವು ಮಾರ್ಕೋನಹಳ್ಳಿಯ ಅಳತೆಗಳಲ್ಲ, ತತ್ತ್ವ ತೋರಿಸುವ ಲೆಕ್ಕ. ಕೋಡಿಗೆ ಬಲ ಬರುವುದು ಅದರ ಮೇಲಿನ ನೀರಿನ ಗೇಣುದ್ದದ ಆಳದಿಂದ, ಸೈಫನ್‌ಗೆ ಮೇಲಿನ ನೀರಿನಿಂದ ಕೆಳಗಿನ ನೀರಿನವರೆಗಿನ ಪೂರಾ ಇಳಿತದಿಂದ. (ಆ ಇಳಿತದ ಲಾಭಕ್ಕೂ ಮಿತಿಯುಂಟು. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಮೇಲಿರುವ ಈ ಜಾಗದಲ್ಲಿ ವಾತಾವರಣ ಒಂಬತ್ತೂವರೆ ಮೀಟರ್ ನೀರಿನ ಕಂಬವನ್ನಷ್ಟೇ ಎತ್ತಿಹಿಡಿಯಬಲ್ಲದು.) ಕೋಡಿಯ ನೀರು ಮೆಲ್ಲಗೆ ಏರುತ್ತದೆ, ಸೈಫನ್ನಿನದು ನೆಗೆಯುತ್ತದೆ. ಇನ್ನೂ ಮೋಸದ ಸಂಗತಿಯೆಂದರೆ ಅದು ನಿಲ್ಲುವ ಬಗೆ. ಜಲಾಶಯದ ಮಟ್ಟ ಇಳಿದು, ಅಲ್ಲಿಯವರೆಗೆ ನೀರಿನಲ್ಲಿ ಮುಳುಗಿದ್ದ ಗಾಳಿಕಂಡಿ ತೆರೆದುಕೊಂಡೊಡನೆ ಗುಮ್ಮಟಕ್ಕೆ ಗಾಳಿ ನುಗ್ಗಿ ಹರಿವು ಕಡಿಯುತ್ತದೆ. ಮುಗಿಯಿತೆಂದು ಜನ ಬಂಡೆಗಳ ಮೇಲೆ ಇಳಿಯುತ್ತಾರೆ. ಒಳಹರಿವು ನಿಂತಿರದಿದ್ದರೆ ಮಟ್ಟ ಮತ್ತೆ ಏರುತ್ತದೆ, ಸೈಫನ್ ಮತ್ತೆ ಹಿಡಿದುಕೊಳ್ಳುತ್ತದೆ.

ಸುಣ್ಣಕಲ್ಲಿನ ನಾಡುಗಳಲ್ಲಿ ಪ್ರಕೃತಿಯೇ ಇಂಥ ಯಂತ್ರ ಕಟ್ಟಿದೆ. ಒಳಗಿನ ಗುಹೆ ತುಂಬಿ, ಬಾಗಿದ ಬಿಲದ ಮೂಲಕ ಒಮ್ಮೆಗೇ ಬಸಿದು, ಮತ್ತೆ ತುಂಬುವವರೆಗೆ ಸುಮ್ಮನಾಗುವ ಚಿಲುಮೆಗಳುಂಟು. ಇಟಲಿಯ ಕೋಮೋ ಸರೋವರದ ಬಳಿ ದಿನಕ್ಕೆ ಮೂರು ಸಲ ಏರಿಳಿಯುವ ಒರತೆಯೊಂದರ ಬಗ್ಗೆ ರೋಮನ್ ಲೇಖಕ ಕಿರಿಯ ಪ್ಲಿನಿ ಕ್ರಿ.ಶ. 100ರ ಆಸುಪಾಸಿನಲ್ಲೇ ಅಚ್ಚರಿಯಿಂದ ಬರೆದಿದ್ದ. ತುಮಕೂರಿನ ಗಟ್ಟಿಶಿಲೆ ನೀರಿಗೆ ಹಾಗೆ ಕರಗುವುದಿಲ್ಲ. ನಮ್ಮವರು ಅಂಥ ಗುಹೆ ನೋಡಲು ಆಂಧ್ರದ ಬೇಲಂಗೆ ಹೋಗುತ್ತಾರೆ. ಅಲ್ಲಿ ಮೂರು ಕಿಲೋಮೀಟರಿಗೂ ಉದ್ದವಾದ ಗುಹೆಯಲ್ಲಿ ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್, ದೀಪ ಮತ್ತು ದಾರಿ ಇರುವಷ್ಟು. ಮಗು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಯಾರೋ ಮೊದಲೇ ಯೋಚಿಸಿ ಗುರುತು ಹಾಕಿದ್ದಾರೆ. ಸೈಫನ್ನಿನ ಕೆಳಗಿನ ನದಿಪಾತ್ರಕ್ಕೂ ಅಂಥದೇ ಯೋಚನೆ ಸಲ್ಲಬೇಕು.

ಹಾಗಾದರೆ ಸೈಫನ್ ಬಿಟ್ಟು ಗೇಟು ಹಾಕಬಹುದಲ್ಲ, ಮನುಷ್ಯ ನೋಡಿಕೊಂಡು ತೆರೆಯುತ್ತಾನಲ್ಲ ಎಂದು ಕೇಳಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೊಸ ತಡೆ ಕೂರಿಸುವವರೆಗೆ ತುಂಬಿದ ಜಲಾಶಯವನ್ನು ಬರಿದು ಮಾಡುತ್ತ ಹೋಗಬೇಕಾಯಿತು. ತುಂಡಾಗಲು ಸರಪಳಿಯೇ ಇಲ್ಲದ, ನಡುರಾತ್ರಿಯ ಮಳೆಯಲ್ಲೂ ಯಾರಿಗೂ ಕಾಯದೆ ಏರಿಯನ್ನು ಉಳಿಸುವ ಸಾಧನವನ್ನು ಕಿತ್ತುಹಾಕುವುದು ವಿವೇಕವಲ್ಲ. ಯಾರೂ ಚಾಲೂ ಮಾಡದ ಯಂತ್ರಕ್ಕೆ ಎಚ್ಚರಿಕೆ ಕೊಡುವವರು ಯಾರು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅದಕ್ಕೆ ಉತ್ತರ ಸೈಫನ್ನಿನ ಶಿಸ್ತಿನಲ್ಲೇ ಇದೆ. ಅದರ ಅಂಚಿನ ಮಟ್ಟ ಕಲ್ಲುಗಾರೆಯಲ್ಲಿ ಕಟ್ಟಿಟ್ಟದ್ದು, ಆ ಮಟ್ಟಕ್ಕೆ ನೀರು ಬಾರದೆ ಅದು ಶುರುವಾಗುವುದಿಲ್ಲ. ಆ ಅಂಚಿಗಿಂತ ಒಂದಡಿ ಕೆಳಗೆ ತೇಲುಬುರುಡೆಯ ಸ್ವಿಚ್ಚೊಂದನ್ನಿಟ್ಟು ಸೈರನ್ನಿಗೆ ತಂತಿ ಎಳೆದರೆ, ನೀರು ಆ ಒಂದಡಿ ಏರುವಷ್ಟು ಹೊತ್ತು ಕೆಳಗಿರುವವರಿಗೆ ದಡ ಸೇರಲು ಸಿಗುತ್ತದೆ. ಮಟ್ಟ ಆ ಗುರುತಿನಿಂದ ಕೆಳಗಿಳಿಯುವವರೆಗೂ, ಸೈಫನ್ ನಡುವೆ ನಿಂತಿದ್ದರೂ, ಸೈರನ್ ಕೂಗುತ್ತಲೇ ಇರಬೇಕು.